ಇಸವಿಯಿಲ್ಲದ ಕರಪತ್ರಗಳಿಗೆ ಇಸವಿ ಹುಡುಕಿದ್ದು: ಕಲಾಕ್ಷೇತ್ರದ ದಿನವಹಿ ಕಟ್ಟಿದ ನನ್ನ ಅನುಭವ

ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ರಂಗಮಂದಿರದಲ್ಲಿ 1963ರಿಂದ ಈಚೆಗೆ ಯಾವ ದಿನ ಯಾವ ತಂಡದ ನಾಟಕವಿತ್ತು ಎಂಬ ದಿನವಹಿಯನ್ನು ಬರಿಯ ಕರಪತ್ರಗಳ ಆಧಾರದಿಂದಲೇ ಕಟ್ಟಬಹುದು ಎಂದು ನಾನು ಹೇಳಿದಾಗ ನಮ್ಮ ಹವ್ಯಾಸಿ ನಾಟಕ ವಲಯದ ಹಿರಿಯರು ಯಾರೂ ಒಪ್ಪಿರಲಿಲ್ಲ. ಅವರ ಆಕ್ಷೇಪಕ್ಕೆ ಕಾರಣವಿತ್ತು. ಕರಪತ್ರದಲ್ಲಿ ವಾರ, ತಾರೀಕು, ತಿಂಗಳು, ‘ಸಂಜೆ 6-30ಕ್ಕೆ ಸರಿಯಾಗಿ’ ಎಂಬ ಎಚ್ಚರಿಕೆ ಎಲ್ಲವೂ ಇರುತ್ತವೆ, ಇಸವಿಯೊಂದು ಇರುವುದಿಲ್ಲ. ಮುಂದಿನ ಶನಿವಾರದ ನಾಟಕಕ್ಕೆ ಅಚ್ಚು ಹಾಕಿಸುವವನಿಗೆ ಇಸವಿಯ ಅಗತ್ಯವೂ ಇಲ್ಲ. ನನ್ನ ಬಳಿ ಸೇರಿರುವ ಸುಮಾರು ಎರಡು ಸಾವಿರ ಹಾಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇಂಥವೇ ಆಗಿದ್ದವು. ಈಗ ಅವುಗಳಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಇಸವಿ ಸಿಕ್ಕಿದೆ. ‘ಕ್ಯಾಲೆಂಡರ್ ಇಟ್ಕೊಂಡು ನಾಟಕದ ಚರಿತ್ರೆ ಬರೀತೀಯೇನಪ್ಪಾ?’ ಎಂದು ನಕ್ಕಿದ್ದ ನಿರ್ದೇಶಕರೇ ಈಚೆಗೆ ತಮ್ಮ ಟ್ರಂಕನ್ನು ಆಟೋದಲ್ಲಿ ನನ್ನ ಮನೆಗೆ ಕಳುಹಿಸಿಕೊಟ್ಟರು ಎಂಬುದನ್ನು ಹೇಳದೆ ಇರಲಾರೆ.

ಹಣದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಆರಂಭದಲ್ಲಿ ಒಂಬತ್ತು ಸಾವಿರದ ಆಸುಪಾಸಿನಲ್ಲಿ ಕೊಂಡ ಎ4 ಸ್ಕ್ಯಾನರ್ ಆರು ತಿಂಗಳೂ ಉಪಯೋಗಕ್ಕೆ ಬರಲಿಲ್ಲ. ಹಳೆಯ ಕರಪತ್ರಗಳು ಉದ್ದುದ್ದ. ಎರಡು ಸಲ ಸ್ಕ್ಯಾನ್ ಮಾಡಿ ಜೋಡಿಸಿದರೆ ನಡುವಿನ ಸಾಲು ಎರಡಾಗಿ ಕಾಣುತ್ತಿತ್ತು, ಮಡಿಕೆಯಲ್ಲಿ ಬಿರುಕು ಬಿಟ್ಟ ಹಾಳೆಗಳು ಗಾಜಿನ ಮೇಲೆ ಒತ್ತಿದೊಡನೆ ತುಂಡಾಗುತ್ತಿದ್ದವು. ಎ3 ಯಂತ್ರದ ಬೆಲೆ ಕೇಳಿ ಸುಮ್ಮನಾದೆ. ಕೊನೆಗೆ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಸ್ಟುಡಿಯೋದವರು ಎಸೆದ, ಫೋಟೋ ಹಿಗ್ಗಿಸುವ ಎನ್‌ಲಾರ್ಜರ್ ಒಂದರ ಕಂಬ ಮತ್ತು ಹಲಗೆ ಎಂಟುನೂರು ರೂಪಾಯಿಗೆ ಸಿಕ್ಕಿದವು. ದೀಪದ ತಲೆಯನ್ನು ತೆಗೆದು ಅಲ್ಲಿ ಮೊಬೈಲ್ ಕೂರಿಸಿ, ಎರಡು ಬದಿಗೂ ಎಲ್‌ಇಡಿ ಟ್ಯೂಬ್‌ಗಳನ್ನು ಓರೆಯಾಗಿ ನಿಲ್ಲಿಸಿದ ಮೇಲೆ ಗಂಟೆಗೆ ನಲವತ್ತು ಹಾಳೆ ಸಲೀಸಾಗಿ ಮುಗಿಯತೊಡಗಿದವು. ತೆಳು ಕಾಗದದ ಹಿಂಬದಿಯ ಅಕ್ಷರಗಳು ಮುಂದೆ ಮೂಡುವ ತೊಂದರೆಗೆ ಹಾಳೆಯ ಕೆಳಗೆ ಕಪ್ಪು ಡ್ರಾಯಿಂಗ್ ಶೀಟ್ ಇಡುವುದಷ್ಟೇ ಮದ್ದು, ಅದಕ್ಕೆ ತಗಲುವುದು ಹತ್ತು ರೂಪಾಯಿ. ಹಾಳೆಗಳನ್ನು ಇಡಲೆಂದು ಮೊದಲು ತಂದ ಅಗ್ಗದ ಪಿವಿಸಿ ಚೀಲಗಳು ಒಂದು ಬೇಸಗೆ ಕಳೆಯುವಷ್ಟರಲ್ಲಿ ಶಾಯಿಯನ್ನು ತಮಗೆ ಅಂಟಿಸಿಕೊಂಡವು, ಆ ಇನ್ನೂರು ಚೀಲಗಳೂ ಕಸಕ್ಕೆ ಹೋದವು. ಒಟ್ಟು ಖರ್ಚು ಅರವತ್ತು ಸಾವಿರ ಮುಟ್ಟಿರಬಹುದು. ಅದರಲ್ಲಿ ಅರ್ಧ ದಂಡ. ಸೆಲ್ಲೋಟೇಪಿನ ಹಳದಿ ಗೋಂದನ್ನು ಅಕ್ಷರ ಕೆಡದಂತೆ ಬಿಡಿಸುವ ಬಗೆಯನ್ನು ನಾನು ಕಂಡುಕೊಂಡಿದ್ದೇನೆ. ಅದನ್ನು ಎದುರಿಗೆ ಮಾಡಿ ತೋರಿಸಬಲ್ಲೆ, ಬರೆದರೆ ಯಾರಾದರೂ ಅವಸರಕ್ಕೆ ಹಾಳೆಯನ್ನೇ ಹಾಳು ಮಾಡಿಕೊಂಡಾರು.

ಈಗ ವಿಧಾನಕ್ಕೆ ಬರುತ್ತೇನೆ. ವಾರ ಮತ್ತು ತಾರೀಕಿನ ಒಂದೇ ಜೋಡಿ ಐದು, ಆರು ಅಥವಾ ಹನ್ನೊಂದು ವರ್ಷಗಳಿಗೊಮ್ಮೆ ಮರಳಿ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಕಲಾಕ್ಷೇತ್ರ ತೆರೆದ 1963ರಿಂದ 2000ದವರೆಗೆ ಲೆಕ್ಕ ಹಾಕಿದರೆ ಪ್ರತಿ ಕರಪತ್ರಕ್ಕೂ ಐದಾರು ಇಸವಿಗಳು ಎದುರು ನಿಲ್ಲುತ್ತವೆ, ಅಷ್ಟಕ್ಕೆ ಎಲ್ಲರೂ ಕೈಬಿಡುತ್ತಾರೆ. ನಾನು ಅಲ್ಲಿಂದ ಮುಂದಕ್ಕೆ ಎರಡು ಜರಡಿ ಇಟ್ಟುಕೊಂಡೆ. ಒಂದು, ಹಾಳೆಯ ಮೇಲೆಯೇ ಇರುವ ಕಾಲದ ಗುರುತುಗಳು, ಇನ್ನೊಂದು, ಪಂಚಾಂಗ.

ಒಂದು ಉದಾಹರಣೆ ಕೊಡುತ್ತೇನೆ. ಕಲಾಕ್ಷೇತ್ರದ ಹಿಂಭಾಗದ ಬಯಲು ರಂಗಮಂದಿರದಲ್ಲಿ ನಡೆದ ಪ್ರಯೋಗದ ಹಾಳೆಯೊಂದರಲ್ಲಿ ‘ಶನಿವಾರ ಫೆಬ್ರವರಿ 14 ಮತ್ತು ಭಾನುವಾರ ಭಾರತ ಹುಣ್ಣಿಮೆಯಂದು’ ಎಂದಿತ್ತು. ಭಾರತ ಹುಣ್ಣಿಮೆ ಎಂದರೆ ಮಾಘ ಮಾಸದ ಹುಣ್ಣಿಮೆ. ಫೆಬ್ರವರಿ 14 ಶನಿವಾರವಾಗಿ ಬಂದದ್ದು 1970, 1976, 1981, 1987 ಮತ್ತು 1998ರಲ್ಲಿ. ಹಾಳೆಯ ಕೆಳಗೆ ಮುದ್ರಣಾಲಯದ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದುದರಿಂದ 1970 ಬಿದ್ದುಹೋಯಿತು, ಏಕೆಂದರೆ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಉಳಿದವುಗಳನ್ನು ಪಂಚಾಂಗಕ್ಕೆ ಒಡ್ಡಿದಾಗ ಮಾಘದ ಹುಣ್ಣಿಮೆ 1981ರಲ್ಲಿ ಮೂರು ದಿನ ಮುಂದಕ್ಕೂ 1998ರಲ್ಲಿ ನಾಲ್ಕು ದಿನ ಹಿಂದಕ್ಕೂ ಹೋಯಿತು. 1987ರಲ್ಲಿ ಶುಕ್ರವಾರವೇ ಮುಗಿದಿತ್ತು. ಭಾನುವಾರಕ್ಕೆ ಸರಿಯಾಗಿ ಕೂತದ್ದು 1976 ಒಂದೇ. ಹನ್ನೊಂದು ವರ್ಷದ ಅಂತರದಲ್ಲಿ ತಿಥಿ ಎರಡು ಮೂರು ದಿನ ಮಾತ್ರ ಸರಿಯುವುದರಿಂದ 1976 ಮತ್ತು 1987ರಂಥ ಜೋಡಿಗಳಲ್ಲಿ ಎಚ್ಚರ ಬೇಕು. ಅಂದಾಜಿನ ತಿಥಿ ಅಲ್ಲಿ ಸಾಲದು, ಆಯಾ ವರ್ಷದ ಪಂಚಾಂಗವನ್ನೇ ತೆರೆಯಬೇಕು. ನಾನು ಹಳೆಯ ಒಂಟಿಕೊಪ್ಪಲ್ ಪಂಚಾಂಗಗಳನ್ನು ಅವೆನ್ಯೂ ರಸ್ತೆಯ ಹಳೇ ಪುಸ್ತಕದವರಲ್ಲಿಯೂ ಇಬ್ಬರು ಪುರೋಹಿತರ ಮನೆಯ ಅಟ್ಟದಲ್ಲಿಯೂ ಕೂಡಿಹಾಕಿದೆ. ಸಂವತ್ಸರದ ಹೆಸರು ಅಚ್ಚಾಗಿದ್ದರಂತೂ ಕೆಲಸವೇ ಇಲ್ಲ. ರಾಕ್ಷಸ ಎಂದರೆ 1975–76, ಅದೇ ಹೆಸರು ಹಿಂದೆ ಬಂದಿದ್ದ, ಅದಕ್ಕೂ ಅರವತ್ತು ವರ್ಷ ಮೊದಲು ಕಲಾಕ್ಷೇತ್ರ ಹುಟ್ಟಿಯೇ ಇರಲಿಲ್ಲ.

ಕಾಲದ ಗುರುತುಗಳಲ್ಲಿ ಬಹುಪಾಲು ಒಂದೇ ದಿಕ್ಕಿನಲ್ಲಿ ಸಾಕ್ಷಿ ಹೇಳುತ್ತವೆ ಎಂಬುದನ್ನು ಮರೆತರೆ ಲೆಕ್ಕವೆಲ್ಲ ಅಡಿಮೇಲಾಗುತ್ತದೆ. ಪಿನ್‌ಕೋಡ್ ಇದ್ದರೆ 1972ರ ಅನಂತರದ್ದು ಎನ್ನಬಹುದು. ಆದರೆ ‘ಬೆಂಗಳೂರು-2’ ಎಂದು ಹಳೆಯ ಅಂಚೆ ವಲಯದ ಸಂಖ್ಯೆ ಮಾತ್ರ ಇದ್ದರೆ ಅದಕ್ಕೂ ಹಿಂದಿನದು ಎನ್ನುವಂತಿಲ್ಲ, ಆ ರೂಢಿ ಅಷ್ಟು ಬೇಗ ಅಳಿಯಲಿಲ್ಲ. ‘ಕರ್ನಾಟಕ ಸರ್ಕಾರ’ ಎಂದಿದ್ದರೆ 1973ರ ನವೆಂಬರ್ 1ರ ಈಚಿನದು. ರಂಗನಿರ್ದೇಶಕ ಬಿ.ವಿ. ಕಾರಂತರ ಹೆಸರಿನ ಮುಂದೆ ಪದ್ಮಶ್ರೀ ಬಂದಿದ್ದರೆ 1981ಕ್ಕಿಂತ ಹಿಂದೆ ಹೋಗುವಂತಿಲ್ಲ. ತಂಡಗಳ ಹುಟ್ಟೂ ಹೀಗೆಯೇ: ನಟರಂಗ 1972, ಸಮುದಾಯ 1975. ‘ನಾಟಕದ ನಂತರ ಬಿ.ಟಿ.ಎಸ್. ಬಸ್ ಸೌಕರ್ಯವಿದೆ’ ಎಂಬ ಸಾಲು ನನಗೆ ಬಹಳ ಪ್ರಿಯವಾದದ್ದು, ಏಕೆಂದರೆ ಅದು ಇನ್ನೊಂದು ದಿಕ್ಕಿನಿಂದ ಬಾಗಿಲು ಮುಚ್ಚುತ್ತದೆ, ನಗರ ಸಾರಿಗೆಯಾಗಿದ್ದ ಬಿ.ಟಿ.ಎಸ್. (ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್) 1997ರಲ್ಲಿ ಬಿ.ಎಂ.ಟಿ.ಸಿ. ಆದ ಮೇಲೆ ಅಂಥ ಕರಪತ್ರ ನನಗೆ ಸಿಕ್ಕಿಲ್ಲ. ದೂರವಾಣಿಯ ಅಂಕಿಗಳನ್ನು ಎಣಿಸುವುದೂ ಒಳ್ಳೆಯದೇ, ಆದರೆ ಎಲ್ಲ ಎಕ್ಸ್‌ಚೇಂಜ್‌ಗಳೂ ಒಂದೇ ದಿನ ಬದಲಾಗಲಿಲ್ಲವಾದ್ದರಿಂದ ನಾನು ಅದಕ್ಕೆ ಅರ್ಧ ಅಂಕವನ್ನಷ್ಟೇ ಕೊಡುತ್ತೇನೆ. ಮುದ್ರಣಾಲಯಗಳ ವಿಷಯದಲ್ಲಿ ನನ್ನದೇ ಒಂದು ಕೋಷ್ಟಕವಿದೆ. ಯಾವ ಅಚ್ಚುಕೂಟದ ಯಾವ ಹೂಬಳ್ಳಿಯ ಬ್ಲಾಕು ಯಾವ ವರ್ಷ ಮೂಲೆ ಮುರಿದುಕೊಂಡಿತು ಎಂಬಷ್ಟರ ಮಟ್ಟಿಗೆ ಅದು ಬೆಳೆದಿದೆ. ಅದನ್ನು ಸದ್ಯಕ್ಕೆ ಯಾರಿಗೂ ಕೊಡುವವನಲ್ಲ.

ದಾರಿ ತಪ್ಪಿದ ಪ್ರಯೋಗಗಳೂ ಕೆಲವು ಇವೆ. ಕಾಗದದ ವಯಸ್ಸನ್ನು ಅಲ್ಟ್ರಾವಯೊಲೆಟ್ ಟಾರ್ಚಿನಿಂದ ಹೇಳಬಹುದೆಂದು ಎಲ್ಲೋ ಓದಿ ಎಂಟುನೂರು ರೂಪಾಯಿ ಕೊಟ್ಟು ತಂದೆ. ನಮ್ಮ ಹಾಳೆಗಳೆಲ್ಲ ಅರವತ್ತರ ದಶಕದ, ಎಂದರೆ ಆ ಬೆಳಕಿಗೆ ಹೊಳೆಯುವ ಬಿಳುಪುಕಾರಕವನ್ನು ಕಾಗದಕ್ಕೆ ಬೆರೆಸತೊಡಗಿದ ಕಾಲದ, ಈಚಿನವಾದ್ದರಿಂದ ಒಂದು ಹೊಳೆಯಿತು, ಇನ್ನೊಂದು ಹೊಳೆಯಲಿಲ್ಲ, ಇಸವಿ ಮಾತ್ರ ತಿಳಿಯಲಿಲ್ಲ. ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿ ಮೊಳೆಯಚ್ಚಿನ, ಎಂದರೆ ಲೋಹದ ಅಕ್ಷರಗಳಿಂದ ಮಾಡುತ್ತಿದ್ದ ಹಳೆಯ ಮುದ್ರಣದ, ಒತ್ತು ಸಿಗುತ್ತದೆಯೇ ಎಂದು ನೋಡುವುದು ಅದಕ್ಕಿಂತ ಎಷ್ಟೋ ಮೇಲು, ಖರ್ಚೂ ಇಲ್ಲ. ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಹಾಳೆಗಳನ್ನು ಉಣಿಸಿ ತಾನಾಗಿ ಪಟ್ಟಿಯಾಗಲಿ ಎಂದು ಎರಡು ಮಳೆಗಾಲ ಹೆಣಗಿದೆ. ಕಂಪ್ಯೂಟರಿನಲ್ಲಿ ಜೋಡಿಸಿದ ತೊಂಬತ್ತರ ದಶಕದ ಹಾಳೆಗಳನ್ನು ಅದು ಚೆನ್ನಾಗಿಯೇ ಓದಿತು. ಸವೆದ ಮೊಳೆಗಳ ಒತ್ತಕ್ಷರಗಳಲ್ಲಿ ಎಡವಿತು, ಕಲಾವಿದರು ಕೈಯಲ್ಲಿ ಬರೆದ ನಾಟಕದ ಶೀರ್ಷಿಕೆಗಳನ್ನು ಚಿತ್ರವೆಂದೇ ಬಿಟ್ಟುಬಿಟ್ಟಿತು. ಸೈಕ್ಲೋಸ್ಟೈಲ್ ಹಾಳೆಗಳ ಮಾತು ಬೇಡ. ಕೊನೆಗೆ ಪಿಯುಸಿ ಓದುತ್ತಿದ್ದ ಇಬ್ಬರು ಹುಡುಗರಿಗೆ ಹಾಳೆಗೆ ಮೂರು ರೂಪಾಯಿಯಂತೆ ಕೊಟ್ಟು ಬೆರಳಚ್ಚು ಮಾಡಿಸಿದೆ. ಯಂತ್ರಕ್ಕಿಂತ ಅವರ ತಪ್ಪುಗಳು ಕಡಿಮೆ, ಜೊತೆಗೆ ಒಬ್ಬ ಈಗ ನಮ್ಮ ತಂಡದಲ್ಲಿ ಬೆಳಕಿನ ಕೆಲಸ ಕಲಿಯುತ್ತಿದ್ದಾನೆ.

ನಂಬಿಕೆ ಹುಟ್ಟಿದ್ದು ಪರೀಕ್ಷೆಯ ಅನಂತರವೇ. ಅದೇ ನಿರ್ದೇಶಕರು ತಾವು ದಿನಚರಿ ಬರೆದಿಟ್ಟ ವರ್ಷಗಳ ಐವತ್ತರಷ್ಟು ಕರಪತ್ರಗಳನ್ನು ಆರಿಸಿ, ಇಸವಿಯನ್ನು ತಮ್ಮಲ್ಲೇ ಇಟ್ಟುಕೊಂಡು ನನ್ನ ಕೈಗಿತ್ತರು. ಹದಿನೈದು ದಿನ ಕಳೆದು ಪಟ್ಟಿ ಒಪ್ಪಿಸಿದಾಗ ಮೂರು ಬಿಟ್ಟು ಉಳಿದವೆಲ್ಲ ಅವರ ದಿನಚರಿಗೆ ತಾಳೆಯಾದವು. ಆ ಮೂರರಲ್ಲಿ ಒಂದಕ್ಕೆ ಗ್ರಂಥಾಲಯದಲ್ಲಿ ಹಳೆಯ ಪ್ರಜಾವಾಣಿ ತೆಗೆಸಿ ‘ಇಂದಿನ ಕಾರ್ಯಕ್ರಮ’ ನೋಡಿದರೆ ನನ್ನ ಇಸವಿಯೇ ಸರಿಯಾಗಿತ್ತು; ಅವರು ಹೊಸ ವರ್ಷದ ಮೊದಲ ವಾರವನ್ನು ಹಳೆಯ ದಿನಚರಿಯ ಕೊನೆಯ ಖಾಲಿ ಪುಟಗಳಲ್ಲಿ ಬರೆದಿದ್ದರು. ‘ಆಯ್ತು ಮಾರಾಯ, ನೀನೇ ಗೆದ್ದೆ’ ಎಂದರು. ಹಾಗೆ ಅವರು ಯಾರಿಗೂ ಸುಲಭಕ್ಕೆ ಹೇಳುವವರಲ್ಲ.

ಕರಪತ್ರವಿದ್ದ ಮಾತ್ರಕ್ಕೆ ನಾಟಕ ನಡೆಯಿತೆಂದು ಬರೆಯುವಂತಿಲ್ಲ ಎಂಬ ಇನ್ನೊಂದು ಆಕ್ಷೇಪ ಮಾತ್ರ ಪೂರ್ತಿ ನ್ಯಾಯವಾದದ್ದು. ಇಂದಿರಾ ಗಾಂಧಿಯವರ ಹತ್ಯೆಯಾದ 1984ರ ಅಕ್ಟೋಬರ್ 31ರ ಸಂಜೆಗೆ, 1991ರ ಡಿಸೆಂಬರ್‌ನ ಕಾವೇರಿ ಗಲಭೆಯ ದಿನಗಳಿಗೆ, ಡಾ. ರಾಜಕುಮಾರ್ ತೀರಿಕೊಂಡ 2006ರ ಏಪ್ರಿಲ್ 12ಕ್ಕೆ ಅಚ್ಚಾದ ಹಾಳೆ ಸಿಕ್ಕರೆ ಪರದೆ ಏಳಲಿಲ್ಲವೆಂದೇ ತಿಳಿಯಬೇಕು. ಆದ್ದರಿಂದ ದಿನವಹಿಯಲ್ಲಿ ಮೂರು ಬಣ್ಣ ಇಟ್ಟಿದ್ದೇನೆ: ಪತ್ರಿಕೆಯ ವಿಮರ್ಶೆಯೋ ಹರಿದ ಟಿಕೇಟೋ ಜೊತೆಗಿದ್ದರೆ ಹಸಿರು, ತಂಡದವರ ನೆನಪು ಮಾತ್ರ ಇದ್ದರೆ ಹಳದಿ, ಬರಿಯ ಕರಪತ್ರವಾದರೆ ಬಿಳಿ. ಕಲಾಕ್ಷೇತ್ರಕ್ಕೆ ಅರವತ್ತು ತುಂಬಿದ 2023ರ ಹೊತ್ತಿಗೆ ಹಸಿರು ಅರ್ಧವನ್ನೂ ಮುಟ್ಟಿರಲಿಲ್ಲ, ಈಗ ಸ್ವಲ್ಪ ದಾಟಿದೆ.

ಉಳಿದಿರುವ ಕಗ್ಗಂಟು ‘ಇಂದು’ ಹಾಳೆಗಳದ್ದು. ಸಂಜೆ ಜೆ.ಸಿ. ರಸ್ತೆಯಲ್ಲಿ ನಿಂತು ಹಂಚಲೆಂದು ಮಾಡಿದ ಇವುಗಳಲ್ಲಿ ‘ಇಂದು ಸಂಜೆ ಕಲಾಕ್ಷೇತ್ರದಲ್ಲಿ’ ಎಂಬುದನ್ನು ಬಿಟ್ಟರೆ ವಾರವೂ ಇಲ್ಲ, ತಾರೀಕೂ ಇಲ್ಲ, ಆದ್ದರಿಂದ ಕ್ಯಾಲೆಂಡರಿಗೆ ಹಿಡಿತವೇ ಸಿಗುವುದಿಲ್ಲ. ನೂರೈವತ್ತರಷ್ಟಿವೆ. ಪಾತ್ರವರ್ಗದ ಹೆಸರುಗಳನ್ನು ಇಸವಿ ಖಚಿತವಾದ ಕರಪತ್ರಗಳ ಪಾತ್ರವರ್ಗದೊಂದಿಗೆ ಹೋಲಿಸಿ, ಒಬ್ಬ ನಟ ಒಂದು ತಂಡ ಬಿಟ್ಟು ಇನ್ನೊಂದು ತಂಡ ಸೇರಿದ ನಡುವಿನ ಅವಧಿಯನ್ನು ಹಿಡಿಯುವ ಪ್ರಯತ್ನದಲ್ಲಿದ್ದೇನೆ. ಹತ್ತಕ್ಕೆ ಎರಡರಂತೆ ಒಂದೆರಡು ವರ್ಷಗಳ ಅಂತರದೊಳಗೆ ಬಂದು ನಿಲ್ಲುತ್ತಿವೆ.