ಎಡಗಾಲಿಗೆ ಕೆಲಸ ಕೊಡಬೇಡಿ

ಈ ಸಲ ರಜೆಗೆ ತೀರ್ಥಹಳ್ಳಿಗೆ ಬಂದಾಗ ಮೂರು ಮನೆಯಲ್ಲಿ ಒಂದೇ ಪ್ರಶ್ನೆ. ಮಗನೋ ಮಗಳೋ ಅಮೆರಿಕಕ್ಕೆ ಹೊರಟಿದ್ದಾರೆ. ಅಲ್ಲಿ ಎಲ್ಲಾ ಆಟೊಮ್ಯಾಟಿಕ್ ಕಾರಂತೆ, ಕ್ಲಚ್ಚೇ ಇರೋದಿಲ್ಲವಂತೆ, ಹಾಗಾದರೆ ಬ್ರೇಕ್ ಯಾವ ಕಾಲಲ್ಲಿ? ಜಗಲಿಯಲ್ಲಿ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಲಗಾಲಲ್ಲಿ. ಆಕ್ಸಿಲರೇಟರೂ ಅದರದ್ದೇ, ಬ್ರೇಕೂ ಅದರದ್ದೇ. ಸ್ಟೀರಿಂಗ್ ಎಡಕ್ಕೆ ಹೋಯಿತು ಅಂತ ಪೆಡಲ್ ಅದಲುಬದಲಾಗುವುದಿಲ್ಲ. ನಮ್ಮೂರಿನ ಕಾರಿನ ಹಾಗೇ ಬಲಕ್ಕೆ ಆಕ್ಸಿಲರೇಟರ್, ಅದರ ಎಡಕ್ಕೆ ಬ್ರೇಕ್. ಕ್ಲಚ್ ಮಾತ್ರ ಇಲ್ಲ.

‘ಎರಡು ಕಾಲು, ಎರಡು ಪೆಡಲ್. ಒಂದೊಂದಕ್ಕೆ ಒಂದೊಂದು ಹಂಚಿದರೆ ಆಯ್ತಲ್ಲ?’ ಅಂತ ಒಬ್ಬ ಹುಡುಗ ಕೇಳಿದ. ಲೆಕ್ಕ ಸರಿಯಾಗೇ ಇದೆ, ಅಲ್ವಾ? ಆದರೆ ನಮ್ಮ ಎಡಗಾಲು ಇಷ್ಟು ವರ್ಷ ಕಲಿತದ್ದು ಒಂದೇ ಪಾಠ: ಪೂರ್ತಿ ತುಳಿ, ಮೆಲ್ಲಗೆ ಬಿಡು. ಬ್ರೇಕಿಗೆ ಬೇಕಾದದ್ದು ಅದರ ಉಲ್ಟಾ.

ನನ್ನದೇ ಕಥೆ ಕೇಳಿ. ನಾನು ಅಮೆರಿಕಕ್ಕೆ ಹೋದ ಎರಡನೇ ವಾರ, ಗೆಳೆಯನ ಕಾರು. ಹಿಂದಿನ ಸೀಟಿನಲ್ಲಿ ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಬಾಟಲಿ. ಸಿಗ್ನಲ್ ಕೆಂಪಾಯಿತು. ಕಾರು ನಿಧಾನವಾಗುತ್ತಿದ್ದ ಹಾಗೆ ಎಡಗಾಲು ತನ್ನಷ್ಟಕ್ಕೆ ಎದ್ದು ಕ್ಲಚ್ ಹುಡುಕಿತು. ಆಟೊಮ್ಯಾಟಿಕ್ ಕಾರಲ್ಲಿ ಬ್ರೇಕ್ ಪೆಡಲ್ ಅಗಲ, ಎಡಕ್ಕೂ ಚಾಚಿಕೊಂಡಿರುತ್ತದೆ. ಕಾಲಿಗೆ ಸಿಕ್ಕಿದ್ದು ಅದು. ಕ್ಲಚ್ ತುಳಿದ ಹಾಗೇ ತುಳಿದೆ. ಕಾರು ಗಕ್ಕನೆ ನಿಂತಿತು, ಬಾಟಲಿ ಉರುಳಿ ಒಡೆಯಿತು. ಹಿಂದಿನವನು ಹೇಗೋ ನಿಲ್ಲಿಸಿಕೊಂಡ. ಮಿಡಿಯ ಪರಿಮಳ ಎರಡು ತಿಂಗಳು ಆ ಕಾರು ಬಿಟ್ಟು ಹೋಗಲಿಲ್ಲ. ಗೆಳೆಯ ಹಾಸನದವನು, ಪಾಪ ಸಹಿಸಿಕೊಂಡ.

ಎಡಗಾಲನ್ನು ಬ್ರೇಕಿಗೆ ಪಳಗಿಸಬಾರದಾ ಅಂದರೆ, ರೇಸಿನವರು ಪಳಗಿಸುತ್ತಾರೆ. ಸಂತೆಗೆ ಹೋಗುವ ನಮಗೆ ಅದು ಬೇಡ. ಕಾಲು ಸುಮ್ನೆ ಬ್ರೇಕಿನ ಮೇಲೆ ಕೂತರೂ ಸಾಕು, ಹಿಂದಿನ ಕೆಂಪು ದೀಪ ಉರಿಯುತ್ತಲೇ ಇರುತ್ತದೆ. ನೀವು ನಿಜವಾಗಿ ನಿಲ್ಲಿಸುವುದು ಯಾವಾಗ ಅಂತ ಹಿಂದಿನವನಿಗೆ ತಿಳಿಯುವುದಿಲ್ಲ. ಪ್ಯಾಡ್ ಬೇರೆ ಸವೆಯುತ್ತದೆ. ಗಾಬರಿಯಾದಾಗ ಎರಡೂ ಕಾಲು ಒಟ್ಟಿಗೆ ತುಳಿಯುವುದು ಇನ್ನೂ ಕೆಟ್ಟದ್ದು. ಹೊಸ ಕಾರುಗಳಲ್ಲಿ ಹಾಗಾದರೆ ಬ್ರೇಕಿಗೇ ಮೊದಲ ಮರ್ಯಾದೆ, ಎಂಜಿನ್ ತಗ್ಗುತ್ತದೆ. ಓದಲು ಹೋದವರು ಕೊಳ್ಳುವ ಹಳೇ ಕಾರಲ್ಲಿ ಆ ಏರ್ಪಾಡು ಇರುತ್ತದೆ ಅಂತ ನಂಬಬೇಡಿ.

ಎಡಗಾಲಲ್ಲಿ ಬೇಗ ಬ್ರೇಕ್ ಬೀಳುತ್ತೆ ಅನ್ನುವವರೂ ಇದ್ದಾರೆ. ಗಂಟೆಗೆ 60 ಮೈಲಿ ಅಂದರೆ ಸೆಕೆಂಡಿಗೆ 88 ಅಡಿ, ಅರೆಕ್ಷಣವೂ ಲೆಕ್ಕಕ್ಕೆ ಬರುತ್ತೆ, ನಿಜ. ಅದಕ್ಕೆ ಮದ್ದು ಮುಂದಿನ ಕಾರಿಗೂ ನಿಮಗೂ 3 ಸೆಕೆಂಡಿನ ಅಂತರ.

ಕೂರುವ ಕ್ರಮ ಹೀಗೆ. ಬಲಗಾಲಿನ ಹಿಮ್ಮಡಿ ಬ್ರೇಕಿನ ನೇರಕ್ಕೆ ನೆಲದಲ್ಲಿ ಊರಿರಲಿ. ಆಕ್ಸಿಲರೇಟರಿಗೆ ಪಾದ ಮಾತ್ರ ಬಲಕ್ಕೆ ವಾಲಲಿ. ಮೊದಲ ಒಂದು ತಿಂಗಳು ಎಡಗಾಲನ್ನು ಸೀಟಿನ ಹತ್ತಿರಕ್ಕೆ ಎಳೆದುಕೊಂಡು ಕೂರಿ. ಆಮೇಲೆ ಎಡ ಮೂಲೆಯಲ್ಲಿ ಪಾದ ಇಡಲು ಇರುವ ಜಾಗಕ್ಕೆ ಬಿಡಬಹುದು. ಹವಾಯಿ ಚಪ್ಪಲಿ ಬೇಡ ಮಾರಾಯ್ರೇ. ಗೇರನ್ನು ಪಿ (ಪಾರ್ಕ್, ಕಾರು ನಿಲ್ಲಿಸಿಡುವಾಗಿನದು) ಇಂದ ಡಿ (ಡ್ರೈವ್, ಮುಂದಕ್ಕೆ ಹೋಗುವಾಗಿನದು) ಗೆ ಹಾಕುವಾಗ ಬ್ರೇಕ್ ಒತ್ತಿರಲೇಬೇಕು. ಡಿ ಯಲ್ಲಿ ಬ್ರೇಕ್ ಬಿಟ್ಟರೆ ಆಕ್ಸಿಲರೇಟರ್ ಮುಟ್ಟದಿದ್ದರೂ ಕಾರು ತೆವಳುತ್ತದೆ. ಇದೇ ಹೊಸಬರನ್ನು ಜಾಸ್ತಿ ಹೆದರಿಸುವುದು.

ಹೊರಡುವ ಮೊದಲೇ ಇಲ್ಲಿ ಕಲಿಯಿರಿ. ಈಗ ನಮ್ಮಲ್ಲೂ ಯಾರಾದರೂ ನೆಂಟರ ಹತ್ತಿರ ಕ್ಲಚ್ ಇಲ್ಲದ ಕಾರು ಇದ್ದೇ ಇರುತ್ತದೆ. ಬೆಳಿಗ್ಗೆ ಬೇಗ ಎದ್ದು ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆವರೆಗೆ ನಾಲ್ಕು ಸಲ ಹೋಗಿ ಬನ್ನಿ. ಎಎಂಟಿ ಗೇರಿನ (ಒಳಗೆ ಕ್ಲಚ್ ಇದ್ದು, ಅದನ್ನು ಯಂತ್ರವೇ ನೋಡಿಕೊಳ್ಳುವ) ಕಾರಾದರೆ ಒಂದು ಎಚ್ಚರ: ಏರಿನಲ್ಲಿ ಬ್ರೇಕ್ ಬಿಟ್ಟಾಗ ಕೆಲವು ಹಿಂದಕ್ಕೆ ಜಾರುತ್ತವೆ.

ಆಗುಂಬೆ ಘಾಟಿಗೆ ಮಾತ್ರ ಅವಸರದಲ್ಲಿ ಇಳಿಯಬೇಡಿ. ಸೋಮೇಶ್ವರದ ಕಡೆಗೆ 14 ಹೇರ್‌ಪಿನ್ ತಿರುವು. ‘ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ’ ಅಂತ ನಮಗೆ ಜೀಪಿನ ಡ್ರೈವರ್‌ಗಳು ಕಲಿಸಿದ್ದು. ಆಟೊಮ್ಯಾಟಿಕ್ಕಿನಲ್ಲಿ ಡಿ ಯಲ್ಲೇ ಬಿಟ್ಟರೆ ಕಾರು ಮೇಲಿನ ಗೇರಿಗೆ ಹೋಗಿ ಸಲೀಸಾಗಿ ಉರುಳಬಹುದು. ಬಲಗಾಲು ಬ್ರೇಕ್ ಬಿಡುವ ಹಾಗೇ ಇಲ್ಲ. ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಇನ್ನೂ ಕಾದರೆ ಹಿಡಿತವೇ ಕಡಿಮೆಯಾಗುತ್ತದೆ. ಎಲ್ (ಲೋ, ಕೆಳಗಿನ ಗೇರ್) ಇದ್ದರೆ ಎಲ್, ಇಲ್ಲದಿದ್ದರೆ ಎಂ (ಮ್ಯಾನ್ಯುಯಲ್, ಗೇರ್ ನಾವೇ ಬದಲಿಸುವುದು) ಗೆ ಹಾಕಿ ಗೇರ್ ಇಳಿಸಿ. ಕೆಲವು ಹೈಬ್ರಿಡ್ ಕಾರಲ್ಲಿ ಇದೇ ಕೆಲಸಕ್ಕೆ ಬಿ ಅಂತ ಇರುತ್ತದೆ. ಆಗ ಎಂಜಿನ್ನೇ ಕಾರನ್ನು ಹಿಡಿಯುತ್ತದೆ, ಬ್ರೇಕ್ ತಿರುವಿಗೆ ಮೊದಲು ಸ್ವಲ್ಪ ಹಾಕಿದರೆ ಸಾಕು. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಚಾಳಿ ಇದ್ದರೆ ಊರಲ್ಲೇ ಬಿಟ್ಟು ಹೋಗಿ. ಅಮೆರಿಕದ ಗುಡ್ಡದ ರಸ್ತೆಗಳಲ್ಲೂ ಕೆಳಗಿನ ಗೇರಿಗೆ ಹಾಕಿ ಅಂತ ಬೋರ್ಡ್ ಇರುತ್ತದೆ.

ಬ್ರಿಟನ್ನಿಗೆ ಹೊರಟವರಿಗೆ ಬೇರೆ ಮಾತು. ಅಲ್ಲಿ ಆಟೊಮ್ಯಾಟಿಕ್ ಕಾರಲ್ಲಿ ಟೆಸ್ಟ್ ಕೊಟ್ಟರೆ ಲೈಸೆನ್ಸ್ ಅದಕ್ಕಷ್ಟೇ. ಕ್ಲಚ್ ಗೊತ್ತಿದ್ದವರು ಕ್ಲಚ್ ಇರುವ ಕಾರಲ್ಲೇ ಕೊಟ್ಟುಬಿಡಿ.

ರಜೆಗೆ ವಾಪಸ್ ಬಂದಾಗ ಇದೇ ತಾಪತ್ರಯ ತಿರುಗಾಮುರುಗಾ. ಮೊನ್ನೆ ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ಕ್ಲಚ್ ಮರೆತು ಅಪ್ಪನ ಕಾರು ಆಫ್ ಮಾಡಿದೆ. ಇಂಡಿಕೇಟರ್ ಅಂದುಕೊಂಡು ಎಳೆದದ್ದು ವೈಪರ್. ಬಿಸಿಲಲ್ಲಿ ವೈಪರ್ ಓಡುತ್ತಿತ್ತು, ಹಿಂದೆ ಆಟೊಗಳ ಹಾರನ್. ಮಾರನೇ ದಿನದಿಂದ ಅಪ್ಪ ಕೀಲಿ ಕೊಡಲಿಲ್ಲ.