ಸಹಾಯ ಪುಟದ ಒಂದು ಸಾಲು, ಹನ್ನೊಂದು ದಿನದ ಒದ್ದಾಟ

2021ರ ಡಿಸೆಂಬರ್. ಅಡಿಕೆ ಕೊಯ್ಲು ಜೋರಾಗಿದ್ದ ಸಮಯ. ಒಂದು ಶುಕ್ರವಾರ ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಸ್ಟೋರ್‌ನಿಂದ ಇಮೇಲ್ ಬಂದಿತ್ತು. ನಿಮ್ಮ ಆ್ಯಪ್ ಪಾವತಿ ನಿಯಮ ಮೀರಿದೆ, ತೆಗೆದುಹಾಕಿದ್ದೇವೆ, ಅಷ್ಟೇ. ಯಾವ ಪುಟದಲ್ಲಿ ತಪ್ಪಾಗಿದೆ ಎಂದಿರಲಿಲ್ಲ. ಕೆಳಗೆ ಯಾರ ಹೆಸರೂ ಇರಲಿಲ್ಲ. ಮೇಲ್ಮನವಿಗೆ ಒಂದು ಲಿಂಕ್ ಮಾತ್ರ ಇತ್ತು.

ಯಾವ ಸ್ಟೋರ್ ಎಂದು ಹೆಸರು ಹೇಳುವುದಿಲ್ಲ. ನನ್ನ ಆ್ಯಪ್ ಆಪಲ್, ಗೂಗಲ್‌ನವರ ಎರಡು ದೊಡ್ಡ ಸ್ಟೋರ್‌ಗಳಲ್ಲೂ ಇತ್ತು. ಈ ವಿಷಯದಲ್ಲಿ ಆಗ ಇಬ್ಬರ ನಿಯಮವೂ ಹೆಚ್ಚುಕಡಿಮೆ ಒಂದೇ: ಸ್ಟೋರ್‌ನ ಹೊರಗೆ ದುಡ್ಡು ಕಟ್ಟುವ ದಾರಿಯನ್ನು ಆ್ಯಪ್ ಒಳಗೆ ತೋರಿಸಬಾರದು. ಒಬ್ಬರೇ ಕೂತು ಆ್ಯಪ್ ಮಾಡುವ ಯಾರಿಗಾದರೂ ಹೀಗಾಗಬಹುದು. ನನಗೆ ಆದಾಗ ಏನೇನು ಮಾಡಿದೆ, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂದು ಬರೆದಿಡುತ್ತಿದ್ದೇನೆ.

ನನ್ನದು ತೋಟದ ಆಳುಗಳ ಲೆಕ್ಕ ಇಡುವ ಆ್ಯಪ್. ಅದಕ್ಕೆ ಮೂಲ ಅಪ್ಪನ ನೋಟ್‌ಬುಕ್. ಯಾರು ಯಾವತ್ತು ಬಂದರು, ಇಡೀ ದಿನವೋ ಅರ್ಧ ದಿನವೋ, ಮುಂಗಡ ಎಷ್ಟು ಹೋಗಿದೆ, ಭಾನುವಾರ ಬಟವಾಡೆಗೆ ಕೈಗೆ ಎಷ್ಟು ಕೊಡಬೇಕು. ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವವರಿಗೆ ಒಂದು ಲೆಕ್ಕ, ಸುಲಿಯುವವರಿಗೆ ಡಬ್ಬದ ಲೆಕ್ಕ ಬೇರೆ. ಇಷ್ಟನ್ನೂ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ನೆಟ್‌ವರ್ಕ್ ಸಿಗದ ತೋಟದಲ್ಲೂ ನಡೆಯುವ ಹಾಗೆ ಮಾಡಿದ್ದೆ. ಬೆಂಗಳೂರಿನ ಕೆಲಸ ಬಿಟ್ಟು ಸಾಗರಕ್ಕೆ ವಾಪಸ್ ಬಂದ ಮೇಲೆ ಎರಡು ವರ್ಷ ಇದರ ಮೇಲೇ ಕೂತಿದ್ದೆ. ಚಂದಾ ವರ್ಷಕ್ಕೆ 499 ರೂಪಾಯಿ. ಆ ಹೊತ್ತಿಗೆ ಸಾವಿರದ ಚಿಲ್ಲರೆ ಮನೆಯವರು ಬಳಸುತ್ತಿದ್ದರು. ನಮ್ಮ ಮನೆ ಖರ್ಚು ಅದರಲ್ಲೇ ನಡೆಯುತ್ತಿತ್ತು.

ಚಂದಾ ಕಟ್ಟಲು ಎರಡು ದಾರಿ ಇಟ್ಟಿದ್ದೆ. ಒಂದು ಸ್ಟೋರ್ ಮೂಲಕ. ಇನ್ನೊಂದು ನನ್ನ ವೆಬ್‌ಸೈಟಿನಲ್ಲಿ ಯುಪಿಐ ಮೂಲಕ. ಎರಡನೆಯದನ್ನು ಸ್ಟೋರ್‌ಗೆ ಕೊಡುವ ಕಮಿಷನ್ ಉಳಿಸಲು ಇಟ್ಟಿದ್ದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಸಣ್ಣ ಡೆವಲಪರ್‌ಗಳಿಗೆ ಕಮಿಷನ್ 30ರಿಂದ 15 ಶೇಕಡಕ್ಕೆ ಇಳಿದಿದ್ದು ಅದೇ ವರ್ಷ. ಆಪಲ್ ಜನವರಿಯಿಂದ ಇಳಿಸಿತು, ಗೂಗಲ್ ಜುಲೈಯಿಂದ. 499ಕ್ಕೆ ಲೆಕ್ಕ ಹಾಕಿದರೆ ಸುಮಾರು 75 ರೂಪಾಯಿ. ಸ್ಟೋರ್ ಆ್ಯಪನ್ನು ಸಾವಿರಾರು ಫೋನ್‌ಗೆ ತಲುಪಿಸುತ್ತದೆ, ಅಪ್‌ಡೇಟ್ ಕಳಿಸುತ್ತದೆ. ಅದಕ್ಕೆ 75 ರೂಪಾಯಿ ಕೊಡಲು ನನಗೆ ಬೇಜಾರಿರಲಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಎಷ್ಟೋ ಮನೆಗಳಲ್ಲಿ ಆ್ಯಪ್ ಬಳಸುವುದು ಊರಿನಲ್ಲಿರುವ ಅಪ್ಪ, ದುಡ್ಡು ಕಟ್ಟುವುದು ಬೆಂಗಳೂರಿನಲ್ಲಿರುವ ಮಗಳು. ಸ್ಟೋರ್‌ನಲ್ಲಿ ಕಟ್ಟಬೇಕಾದರೆ ಅಪ್ಪನ ಫೋನ್, ಅಪ್ಪನ ಅಕೌಂಟ್, ಅಪ್ಪನ ಪಾಸ್‌ವರ್ಡ್ ಬೇಕು. ವೆಬ್‌ಸೈಟಿನಲ್ಲಿ ಅಪ್ಪನ ಫೋನ್ ನಂಬರ್ ಹಾಕಿದರೆ ಸಾಕು, ಒಂದು ನಿಮಿಷದ ಕೆಲಸ.

ಅದನ್ನು ತಿಳಿಸಲು ಸಹಾಯ ಪುಟದಲ್ಲಿ ಒಂದು ಸಾಲು ಬರೆದಿದ್ದೆ: ‘ಮನೆಯವರು ಬೇರೆ ಊರಿನಿಂದ ಕಟ್ಟುವುದಾದರೆ ನಮ್ಮ ವೆಬ್‌ಸೈಟಿನಲ್ಲಿ ಯುಪಿಐ ಮೂಲಕ ಕಟ್ಟಬಹುದು.’ ತಪ್ಪು ಇದೇ ಇರಬೇಕು ಎಂದು ಅವತ್ತು ಬೆಳಿಗ್ಗೆಯೇ ಅನ್ನಿಸಿತು. ಆದರೆ ಖಾತ್ರಿ ಇರಲಿಲ್ಲ.

ಮೊದಲ ಮೇಲ್ಮನವಿ ಸಿಟ್ಟಿನಲ್ಲಿ ಬರೆದೆ. ಎಷ್ಟು ಕಷ್ಟಪಟ್ಟು ಮಾಡಿದೆ, ರೈತರಿಗೆ ಎಷ್ಟು ತೊಂದರೆ ಆಗುತ್ತಿದೆ ಎಂದೆಲ್ಲ ತುಂಬಿಸಿದೆ. ಒಂದು ಮಾತೂ ಸುಳ್ಳಲ್ಲ. ಸಂಜೆಗೆ ಉತ್ತರ ಬಂತು. ಬೆಳಗಿನ ಇಮೇಲ್‌ನ ಮಾತುಗಳೇ, ಅಕ್ಷರ ಕೂಡ ಬದಲಾಗಿರಲಿಲ್ಲ. ಅದನ್ನು ಓದುವವರಿಗೆ ಬೇಕಿದ್ದದ್ದು ಆ್ಯಪ್‌ನಲ್ಲಿ ಏನು ಬದಲಾಗಿದೆ ಎಂಬ ಮಾಹಿತಿ. ನಾನು ಏನನ್ನೂ ಬದಲಿಸಿರಲಿಲ್ಲ, ಬರೀ ಸಂಕಟ ಹೇಳಿಕೊಂಡಿದ್ದೆ.

ಮರುದಿನ ಶನಿವಾರ ಶಿರಸಿ ಕಡೆಯ ಒಬ್ಬ ಅಕ್ಕ ಫೋನ್ ಮಾಡಿದರು. ತೋಟದ ಲೆಕ್ಕವೆಲ್ಲ ಅವರೇ ನೋಡಿಕೊಳ್ಳುವುದು. ಹಿಂದಿನ ದಿನ ಸಂಜೆ ಅಡಿಕೆ ಬೇಯಿಸುವಾಗ ಫೋನ್ ಜಾರಿ ಚೊಗರಿನ ಹಂಡೆಗೇ ಬಿದ್ದಿದೆ. ಬೆಳಿಗ್ಗೆ ಪೇಟೆಗೆ ಹೋಗಿ ಹೊಸ ಫೋನ್ ತಂದಿದ್ದಾರೆ. ‘ತಮಾ, ನಿನ್ನ ಆ್ಯಪ್ ಎಲ್ಲೂ ಸಿಕ್ತಿಲ್ಲೆ. ನಾಳೆ ಬಟವಾಡೆ ಇದ್ದು. ಎಂತ ಮಾಡವು?’

ಸ್ಟೋರ್‌ನಿಂದ ತೆಗೆದರೂ ಮೊದಲೇ ಹಾಕಿಕೊಂಡವರ ಫೋನಿನಲ್ಲಿ ಆ್ಯಪ್ ನಡೆಯುತ್ತಲೇ ಇತ್ತು. ಹಾಗಾಗಿ ಹಳೆಯ ಗ್ರಾಹಕರಿಗೆ ತೊಂದರೆ ಆಗುವುದಿಲ್ಲ ಎಂದು ಧೈರ್ಯವಾಗಿದ್ದೆ. ಹೊಸ ಫೋನ್ ಕೊಂಡವರ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಅಕ್ಕನ ಲೆಕ್ಕ ನನ್ನ ಸರ್ವರ್‌ನಲ್ಲಿ ಭದ್ರವಾಗಿತ್ತು. ಅದನ್ನು ತೆರೆದು ನೋಡಲು ಆ್ಯಪ್ ಬಿಟ್ಟರೆ ಬೇರೆ ದಾರಿಯನ್ನೇ ನಾನು ಇಟ್ಟಿರಲಿಲ್ಲ.

ಅವರ ಒಪ್ಪಿಗೆ ಕೇಳಿ ಅವತ್ತು ರಾತ್ರಿ ಕೂತೆ. ಹದಿನಾರು ಆಳುಗಳ ಎರಡು ವಾರದ ಹಾಜರಿ ಹೊರತೆಗೆದು ಎಕ್ಸೆಲ್‌ಗೆ ಹಾಕಿ, ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಹನ್ನೊಂದು ಗಂಟೆ ಆಗಿತ್ತು. ಅಕ್ಕ ಒಂದೊಂದೇ ಹೆಸರು ಗಟ್ಟಿಯಾಗಿ ಓದುತ್ತಾ ಹೋದರು, ನಾನು ಈಚೆ ಕಡೆ ಗುರುತು ಹಾಕುತ್ತಾ ಹೋದೆ. ಒಬ್ಬರ 1,500 ರೂಪಾಯಿ ಮುಂಗಡ ಅದರಲ್ಲಿ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ತೋಟದಲ್ಲೇ ಬರೆದಿದ್ದರಂತೆ. ಫೋನ್ ಮನೆಗೆ ಬಂದು ನೆಟ್‌ವರ್ಕ್ ಹಿಡಿಯುವ ಮೊದಲೇ ಹಂಡೆಗೆ ಬಿದ್ದಿತ್ತು. ಅಕ್ಕನಿಗೆ ನೆನಪಿದ್ದದ್ದರಿಂದ ಸರಿಹೋಯಿತು. ಇಲ್ಲದಿದ್ದರೆ ಆಳಿಗೂ ಮನೆಯವರಿಗೂ ನಡುವೆ ಸುಮ್ನೆ ಒಂದು ಮಾತು ಬೆಳೆಯುತ್ತಿತ್ತು, ಅದಕ್ಕೆ ನಾನು ಕಾರಣನಾಗುತ್ತಿದ್ದೆ.

ಭಾನುವಾರ ಸಹಾಯ ಪುಟದ ಆ ಸಾಲನ್ನು ತೆಗೆದೆ. ಸೋಮವಾರ ಹೊಸ ಆವೃತ್ತಿ ಕಳಿಸಿದೆ. ಬುಧವಾರ ಮತ್ತೆ ತಿರಸ್ಕಾರ, ಅದೇ ಕಾರಣ. ಈಗ ನಿಜವಾಗಿ ಗಾಬರಿಯಾಯಿತು. ತಪ್ಪು ಎಲ್ಲಿದೆ ಎಂದು ಅವರು ಹೇಳುವುದಿಲ್ಲ, ನನಗೂ ಕಾಣುತ್ತಿಲ್ಲ.

ಆಮೇಲೆ ಮಾಡಿದ ಕೆಲಸವೇ ಕೈ ಹಿಡಿಯಿತು. ಒಂದು ಹಳೆಯ ಫೋನಿನಲ್ಲಿ ಆ್ಯಪನ್ನು ಹೊಸದಾಗಿ ಹಾಕಿ, ಸ್ಕ್ರೀನ್ ರೆಕಾರ್ಡಿಂಗ್ ಶುರು ಮಾಡಿ, ಕಾಣುವ ಪ್ರತಿಯೊಂದು ಬಟನ್ ಒತ್ತುತ್ತಾ ಹೋದೆ. ನನ್ನ ಆ್ಯಪ್ ಎಂಬುದನ್ನು ಮರೆತು, ಪರಿಶೀಲನೆ ಮಾಡುವವರು ಹೇಗೆ ನೋಡಬಹುದೋ ಹಾಗೆ. ಗೌಪ್ಯತಾ ನೀತಿ ಎಂಬ ಬಟನ್ ಒತ್ತಿದಾಗ ನನ್ನ ವೆಬ್‌ಸೈಟಿನ ಪುಟ ಆ್ಯಪ್ ಒಳಗೇ ತೆರೆಯಿತು. ಪುಟದ ಕೊನೆಯ ತನಕ ಸರಿಸಿದೆ. ತಳದಲ್ಲಿ ವೆಬ್‌ಸೈಟಿನ ಎಲ್ಲ ಪುಟಗಳಿಗೂ ಬರುವ ಪಟ್ಟಿ ಇತ್ತು. ಅದರಲ್ಲಿ ‘ಬೆಲೆ’ ಎಂಬ ಲಿಂಕ್. ಒತ್ತಿದರೆ ಸೀದಾ ಯುಪಿಐ ಪುಟ! ಆ್ಯಪ್‌ನಿಂದ ಹೊರಗೆ ಹೋಗದೆ ಮೂರೇ ಸಲ ಒತ್ತಿ ದುಡ್ಡು ಕಟ್ಟುವ ಜಾಗಕ್ಕೆ ಬಂದಿದ್ದೆ.

ಆ್ಯಪ್‌ಗೆಂದೇ ಗೌಪ್ಯತಾ ನೀತಿಯ ಬೇರೆ ಪುಟ ಮಾಡಿದೆ. ಅದರಲ್ಲಿ ಮೇಲೂ ಕೆಳಗೂ ಯಾವ ಲಿಂಕೂ ಇಲ್ಲ. ಮೂರನೇ ಸಲ ಬರೆಯುವಾಗ ಭಾವನೆಯ ಮಾತು ಪೂರ್ತಿ ಬಿಟ್ಟೆ. ಯಾವ ಪುಟದಲ್ಲಿ ಏನಿತ್ತು, ಈಗ ಏನಿದೆ, ಯಾವ ಆವೃತ್ತಿಯಲ್ಲಿ ಬದಲಾಯಿತು ಎಂದು ಆರು ಸಾಲು. ಜೊತೆಗೆ ಎರಡು ನಿಮಿಷದ ವಿಡಿಯೊ. ಹನ್ನೊಂದು ದಿನ ಕಳೆದ ಮೇಲೆ, ಮಂಗಳವಾರ, ಆ್ಯಪ್ ಮತ್ತೆ ಸ್ಟೋರ್‌ಗೆ ಬಂತು. ಅದನ್ನು ತಿಳಿಸಿದ ಇಮೇಲ್‌ನಲ್ಲೂ ತಪ್ಪು ಯಾವುದಿತ್ತು ಎಂದು ಹೇಳಿರಲಿಲ್ಲ.

ಇದನ್ನೇ ನಾನು ಅನ್ಯಾಯ ಎನ್ನುವುದು. ನಿಯಮ ಮೀರಿದ್ದೆ, ಒಪ್ಪುತ್ತೇನೆ. ಆ ಲಿಂಕ್ ಇದೆ ಎಂದು ಒಂದು ಸಾಲು ಬರೆದಿದ್ದರೆ ಅರ್ಧ ಗಂಟೆಯಲ್ಲಿ ತೆಗೆಯುತ್ತಿದ್ದೆ. ಅದನ್ನು ನೋಡಿಯೇ ಅಲ್ವಾ ಆ್ಯಪನ್ನು ತೆಗೆದದ್ದು? ನೋಡಿದ್ದನ್ನು ಹೇಳಲು ಏನು ಕಷ್ಟ?

ಆ ದಿನಗಳಲ್ಲಿ ರಾತ್ರಿ ನಿದ್ದೆ ಬರದೆ ಬೇರೆ ದೇಶಗಳಲ್ಲಿ ಏನಾಗಿದೆ ಎಂದು ಓದುತ್ತಿದ್ದೆ. ಯುರೋಪ್ ಒಕ್ಕೂಟದಲ್ಲಿ 2020ರ ಜುಲೈ 12ರಿಂದಲೇ ಇದಕ್ಕೊಂದು ನಿಯಮ ಜಾರಿಯಲ್ಲಿತ್ತು. ವ್ಯಾಪಾರ ಮಾಡುವವರ ಸೇವೆಯನ್ನು ವೇದಿಕೆಯವರು ತಡೆದರೆ ಕಾರಣವನ್ನು ಬರೆದು ಕೊಡಬೇಕು. ಪೂರ್ತಿ ನಿಲ್ಲಿಸುವುದಾದರೆ, ಕೆಲವು ಸಂದರ್ಭ ಬಿಟ್ಟು, 30 ದಿನ ಮೊದಲೇ ತಿಳಿಸಬೇಕು. ಓದಿ ಹೊಟ್ಟೆ ಉರಿಯಿತು. ನಾನು ಕೇಳುತ್ತಿದ್ದದ್ದು ಇಷ್ಟನ್ನೇ.

ಅಮೆರಿಕದ ಜಗಳ ದೊಡ್ಡವರದ್ದು. 2020ರ ಆಗಸ್ಟ್‌ನಲ್ಲಿ ಎಪಿಕ್ ಗೇಮ್ಸ್ ತನ್ನ ಫೋರ್ಟ್‌ನೈಟ್ ಆಟದೊಳಗೆ ತನ್ನದೇ ಪಾವತಿ ದಾರಿ ಇಟ್ಟಿತು. ಆಪಲ್, ಗೂಗಲ್ ಇಬ್ಬರೂ ಆಟವನ್ನು ತೆಗೆದರು. ಎಪಿಕ್ ಇಬ್ಬರ ಮೇಲೂ ಕೇಸ್ ಹಾಕಿತು. ಆಪಲ್ ಕೇಸಿನಲ್ಲಿ ಹೆಚ್ಚಿನ ಅಂಶಗಳಲ್ಲಿ ಎಪಿಕ್ ಸೋತಿತು. ಆದರೂ ಹೊರಗಿನ ಪಾವತಿಗೆ ಲಿಂಕ್ ಕೊಡುವುದನ್ನು ಆಪಲ್ ತಡೆಯಬಾರದು ಎಂದು ನ್ಯಾಯಾಧೀಶೆ ಇವಾನ್ ಗೊನ್ಜಾಲೆಜ್ ರೋಜರ್ಸ್ 2021ರ ಸೆಪ್ಟೆಂಬರ್‌ನಲ್ಲಿ ಹೇಳಿದರು. ಮೇಲಿನ ಕೋರ್ಟುಗಳೆಲ್ಲ ಮುಗಿದ ಮೇಲೆ, 2024ರಲ್ಲಿ ಆಪಲ್ ಲಿಂಕ್‌ಗೆ ಅವಕಾಶ ಕೊಟ್ಟಿತು, ಅದರ ಮೂಲಕ ಆದ ವ್ಯಾಪಾರಕ್ಕೂ 27 ಶೇಕಡದವರೆಗೆ ಕಮಿಷನ್ ಇಟ್ಟಿತು. ಇದು ಆದೇಶದ ಉಲ್ಲಂಘನೆ ಎಂದು ಅದೇ ನ್ಯಾಯಾಧೀಶೆ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟರು. ನನ್ನ ಸಹಾಯ ಪುಟದ ಸಾಲಿನಂಥದ್ದೇ ಒಂದು ಸಾಲಿಗೆ ಸುಮಾರು ಐದು ವರ್ಷ. ಅಷ್ಟು ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಅವರಿಗಿತ್ತು.

ನಮ್ಮಲ್ಲಿ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 25ರಂದು ಪ್ಲೇ ಸ್ಟೋರ್‌ನ ಪಾವತಿ ನೀತಿಯ ವಿಷಯದಲ್ಲಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. ಎಲ್ಲರೂ ದಂಡದ ಮೊತ್ತ ಮಾತಾಡಿದರು. ಡೆವಲಪರ್‌ಗಳು ತಮ್ಮ ಗ್ರಾಹಕರ ಜೊತೆ ಮಾತಾಡುವುದನ್ನು, ತಮ್ಮ ಕೊಡುಗೆಗಳನ್ನು ತಿಳಿಸುವುದನ್ನು ತಡೆಯಬಾರದು ಎಂದು ಆ ಆದೇಶದಲ್ಲಿದ್ದ ಮಾತನ್ನು ನಾನು ಎರಡು ಸಲ ಓದಿದೆ. ದಂಡವನ್ನು ಮೇಲ್ಮನವಿ ನ್ಯಾಯಮಂಡಳಿ 2025ರ ಮಾರ್ಚ್‌ನಲ್ಲಿ 216.69 ಕೋಟಿಗೆ ಇಳಿಸಿತು. ನಡುವೆ 2024ರ ಮಾರ್ಚ್ 1ರಂದು ಶುಲ್ಕದ ತಕರಾರಿನಲ್ಲಿ ಭಾರತ್ ಮ್ಯಾಟ್ರಿಮೊನಿ, ನೌಕ್ರಿಯಂಥ ದೊಡ್ಡ ಭಾರತೀಯ ಆ್ಯಪ್‌ಗಳೇ ಪ್ಲೇ ಸ್ಟೋರ್‌ನಿಂದ ಹೋದವು. ಕೇಂದ್ರ ಸಚಿವರು ಮಾತುಕತೆಗೆ ಕೂತರು, ಕೆಲವೇ ದಿನಗಳಲ್ಲಿ ವಾಪಸ್ ಬಂದವು. ಬಂದದ್ದು ಒಳ್ಳೆಯದೇ ಆಯಿತು. ಹಳ್ಳಿಯಲ್ಲಿ ಕೂತು ಕೆಲಸ ಮಾಡುವ ಒಬ್ಬರ ಆ್ಯಪ್ ಹೋದಾಗ ಯಾರು ಕೂರುತ್ತಾರೆ ಎಂಬುದೇ ನನಗಿರುವ ಚಿಂತೆ.

ಆ ಹನ್ನೊಂದು ದಿನ ಆದ ಮೇಲೆ ನನ್ನ ಕೆಲಸದ ರೀತಿಯನ್ನೇ ಬದಲಿಸಿದೆ. ಮೊದಲ ಮೂರು ತಿಂಗಳು ಹೊಸ ಸೌಲಭ್ಯ ಒಂದನ್ನೂ ಸೇರಿಸಲಿಲ್ಲ. ಬ್ರೌಸರ್‌ನಲ್ಲೇ ತೆರೆಯುವ ವೆಬ್ ಆವೃತ್ತಿ ಮಾಡಿದೆ. ಆ್ಯಪ್‌ನಷ್ಟು ಚುರುಕಿಲ್ಲ, ನೆಟ್‌ವರ್ಕ್ ಬೇಕೇ ಬೇಕು. ಆದರೆ ಫೋನ್ ನಂಬರ್, ಒಟಿಪಿ ಹಾಕಿದರೆ ಯಾರ ಫೋನಿನಲ್ಲಾದರೂ ಲೆಕ್ಕ ಕಾಣುತ್ತದೆ. ಬಟವಾಡೆ ಮುಗಿದ ಕೂಡಲೇ ಆ ವಾರದ ಲೆಕ್ಕದ ಪಿಡಿಎಫ್ ಫೋನಿನಲ್ಲಿ ಉಳಿಯುವ ಹಾಗೆ ಮಾಡಿದೆ. ಗ್ರಾಹಕರ ಒಪ್ಪಿಗೆ ಪಡೆದು ಫೋನ್ ನಂಬರ್‌ಗಳ ಪಟ್ಟಿ ಇಟ್ಟುಕೊಂಡೆ. ಮೊದಲು ಸ್ಟೋರ್ ಮೂಲಕ ಚಂದಾ ಕಟ್ಟಿದವರು ಯಾರು ಎಂದೇ ನನಗೆ ಗೊತ್ತಿರುತ್ತಿರಲಿಲ್ಲ, ಆ್ಯಪ್ ಹೋದಾಗ ಅವರಿಗೆ ಒಂದು ಮೆಸೇಜ್ ಕಳಿಸಲೂ ಆಗಲಿಲ್ಲ. ಹೊಸ ಆವೃತ್ತಿ ಕಳಿಸುವ ಮೊದಲು ಪ್ರತಿ ಸಲವೂ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ ಇಡುತ್ತೇನೆ. ನವೆಂಬರ್‌ನಿಂದ ಜನವರಿವರೆಗೆ, ಕೊಯ್ಲಿನ ಸಮಯದಲ್ಲಿ, ತೀರಾ ಅಗತ್ಯ ಬೀಳದೆ ಯಾವ ಅಪ್‌ಡೇಟನ್ನೂ ಕಳಿಸುವುದಿಲ್ಲ.

ಈಗ ಆಗಾಗ ಬೇರೆ ಹುಡುಗರು ಮೇಲ್ಮನವಿ ಹೇಗೆ ಬರೆಯಬೇಕು ಎಂದು ಕೇಳುತ್ತಾರೆ. ಅವರಿಗೆ ನಾನು ಅಪೊಲೊ ವಿಷಯ ಹೇಳುತ್ತೇನೆ. ರೆಡ್ಡಿಟ್ ಎಂಬ ಚರ್ಚೆಯ ಜಾಲತಾಣ ಓದಲು ಕ್ರಿಶ್ಚಿಯನ್ ಸೆಲಿಗ್ ಎಂಬ ಡೆವಲಪರ್ ಮಾಡಿದ್ದ ಆ್ಯಪ್ ಅದು. 2023ರಲ್ಲಿ ರೆಡ್ಡಿಟ್ ತನ್ನ ಎಪಿಐಗೆ, ಅಂದರೆ ಬೇರೆ ಆ್ಯಪ್‌ಗಳು ಅದರಿಂದ ಮಾಹಿತಿ ಕೇಳಿ ಪಡೆಯುವ ದಾರಿಗೆ, ಬೆಲೆ ಇಟ್ಟಾಗ ಅವರು ಲೆಕ್ಕವನ್ನು ಎಲ್ಲರೆದುರು ಬಿಡಿಸಿಟ್ಟರು. ಐದು ಕೋಟಿ ಕೋರಿಕೆಗೆ 12,000 ಡಾಲರ್, ತನ್ನ ಆ್ಯಪ್ ತಿಂಗಳಿಗೆ 700 ಕೋಟಿ ಕೋರಿಕೆ ಕಳಿಸುತ್ತದೆ, ಅಂದರೆ ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರ್. ಓದಿದ ಯಾರಿಗೂ ವಿವರಣೆ ಬೇಕಾಗಲಿಲ್ಲ. ಆ್ಯಪ್ ಉಳಿಯಲಿಲ್ಲ, ಜೂನ್ 30ಕ್ಕೆ ಮುಚ್ಚಿದರು. ಆದರೆ ತಪ್ಪು ಯಾರದ್ದು ಎಂದು ಜನರಿಗೆ ಅರ್ಥವಾಗಿತ್ತು. ಮೇಲ್ಮನವಿಯನ್ನೂ ಹಾಗೇ ಬರೆಯಿರಿ ಎನ್ನುತ್ತೇನೆ. ದಿನಾಂಕ, ಆವೃತ್ತಿ, ಪುಟ, ಲೆಕ್ಕ.

ಕಳೆದ ಕೊಯ್ಲಿನಲ್ಲಿ ಶಿರಸಿಯ ಅಕ್ಕ ಮತ್ತೆ ಫೋನ್ ಮಾಡಿದ್ದರು. ಈ ಸಲ ಮಗಳು ಚಂದಾ ಕಟ್ಟಬೇಕಂತೆ, ಬೆಂಗಳೂರಿನಿಂದ. ‘ಆ್ಯಪಲ್ಲಿ ಎಲ್ಲೂ ಬರದ್ದಿಲ್ಯಲ’ ಎಂದರು. ಹೌದು ಅಕ್ಕಾ, ಆ ಸಾಲನ್ನು ನಾನು ಮತ್ತೆ ಹಾಕಿಲ್ಲ ಎಂದೆ. ಮಗಳ ನಂಬರ್ ಬರೆದುಕೊಂಡು, ವೆಬ್‌ಸೈಟಿನ ಲಿಂಕನ್ನು ನಾನೇ ಕಳಿಸಿದೆ.