ಕೈ ಸುಡದ ಬಾಡಿಗೆ, ಹಾಯಾದ ಮನೆ

ಮನೆ ನೋಡಲು ಹೊರಡುವ ಮುಂಚೆ ಲೆಕ್ಕ ಬರೆಯಿರಿ. ಬಾಡಿಗೆ ಜೊತೆ ಮೇಂಟೆನೆನ್ಸ್, ಕರೆಂಟು, ಓಡಾಟದ ಖರ್ಚನ್ನೂ ಸೇರಿಸಿ. ಬಾಡಿಗೆ ಸಂಬಳದ ಶೇ. 30ರೊಳಗೆ ಇದ್ದರೆ ನೆಮ್ಮದಿ. ಅದನ್ನು ದಾಟಿದಾಗ ನಾನು ತಿಂಗಳ ಕೊನೆಗೆ ಒದ್ದಾಡಿದ್ದೇನೆ.

ಈಗಿರುವ ಮನೆ ಮೆಟ್ರೋದ ಕೊನೆಯ ಸ್ಟೇಷನ್ ಹತ್ತಿರ. ಆಫೀಸಿಗೆ 20 ನಿಮಿಷ ಜಾಸ್ತಿ. ಆದರೆ ಹಳೇ ಬಾಡಿಗೆಗೇ ಇನ್ನೊಂದು ರೂಮು ಸಿಕ್ಕಿತು. ಬೆಳಿಗ್ಗೆ ಕೂರಲು ಸೀಟೂ ಸಿಗುತ್ತದೆ, ಅದೂ ಸುಖವೇ ಅಲ್ವಾ?

ಹಗಲು ಒಮ್ಮೆ, ರಾತ್ರಿ ಒಮ್ಮೆ ಹೋಗಿ ನೋಡಿ. ನಲ್ಲಿ ಪೂರ್ತಿ ತಿರುಗಿಸಿ. ಸಿಂಕಿನ ಕೆಳಗೆ ಬಗ್ಗಿ ಹಲಗೆ ಒತ್ತಿ ನೋಡಿ. ಒಂದು ಮನೆಯಲ್ಲಿ ನಾನು ಒತ್ತಿದಾಗ ಬೆರಳು ಒಳಗೇ ಇಳಿಯಿತು, ಅಷ್ಟು ನೆಂದಿತ್ತು. ಆ ಮನೆ ಬಿಟ್ಟೆ.

ತುಂಬಾ ದಿನದಿಂದ ಖಾಲಿ ಇರುವ ಮನೆಯಾದರೆ ಚೌಕಾಸಿ ಮಾಡಿ. ‘ಎರಡು ವರ್ಷ ಇರುತ್ತೇನೆ’ ಅಂದರೆ ಬಾಡಿಗೆ ಇಳಿಸುವ ಮಾಲೀಕರಿದ್ದಾರೆ. ಒಪ್ಪಿದ್ದನ್ನೆಲ್ಲ ಕರಾರಿನಲ್ಲಿ ಬರೆಸಿ, ಅಡ್ವಾನ್ಸ್ ಯಾವಾಗ ವಾಪಸ್ ಅನ್ನುವುದನ್ನೂ.